ಮೊದಲ ಗಂಟೆಯ ನೀರು

ಕಯಾಕ್ ನಾವು ಕಟ್ಟಿ ಹೋದ ಜಾಗದಲ್ಲೇ ಇತ್ತು. ನೀರು ಇರಲಿಲ್ಲ. ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಮರದ ಬೇರಿಗೆ ಗಿಡ್ಡವಾಗಿ ಬಿಗಿದಿದ್ದ ಹಗ್ಗಕ್ಕೆ ಅದರ ಮೂತಿ ಜೋತುಬಿದ್ದು, ಹಿಂಭಾಗ ಕೆಸರಿನಲ್ಲಿ ಕೂತು, ಎಷ್ಟು ಎಳೆದರೂ ಏಳಲೊಲ್ಲದ ಎಮ್ಮೆಯ ಹಾಗೆ ಕಾಣುತ್ತಿತ್ತು. ಅಲ್ಲಿಂದ ಇಪ್ಪತ್ತು ಹೆಜ್ಜೆ ಆಚೆ, ಬೂದು ಕೆಸರಿನ ಇಳಿಜಾರು ಮುಗಿಯುವಲ್ಲಿ, ಕವಲಿನ ನೀರು ನಮ್ಮ ಪರಿವೆಯೇ ಇಲ್ಲದೆ ಸಮುದ್ರದ ಕಡೆ ಹರಿಯುತ್ತಿತ್ತು. ಮಧ್ಯಾಹ್ನ ಎರಡು ಗಂಟೆ. ಅಕ್ಕ ನನ್ನ ಮುಖ ನೋಡಿದಳು. ಉಬ್ಬರ ಇಳಿತದ ಲೆಕ್ಕ ಹಾಕಿದವಳು ನಾನು.

ಲೆಕ್ಕ ಪೂರ್ತಿ ತಪ್ಪಾಗಿತ್ತೆಂದು ಈಗಲೂ ಒಪ್ಪುವುದಿಲ್ಲ. ಹುಣ್ಣಿಮೆ ಕಳೆದು ಎರಡು ದಿನವಾಗಿತ್ತು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ನೀರು ಹೆಚ್ಚು ಏರುತ್ತದೆ, ಅಷ್ಟೇ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಎರಡೂ ಸಪ್ಪೆ. ಕವಲಿನ ಒಳತುದಿಯವರೆಗೆ ಹೋಗಬೇಕೆಂದರೆ ತುಂಬಿದ ನೀರೇ ಬೇಕು. ಅಳಿವೆಯ ಬಾಯಲ್ಲಿ ಆ ದಿನದ ಪೂರ್ಣ ಉಬ್ಬರ 10:20ಕ್ಕೆ, ಐದು ಕಿಲೋಮೀಟರ್ ಒಳಗೆ ಸುಮಾರು ಅರ್ಧ ಗಂಟೆ ತಡವಾಗಿ. ಏರುವ ನೀರಿನೊಂದಿಗೆ ಒಳಗೆ ಹೋಗುವುದು, ದೋಣಿ ಕಟ್ಟಿ ದಂಡೆಯ ಕಾಲುದಾರಿಯಲ್ಲಿ ನಡೆಯುವುದು, ಇಳಿಯುವ ನೀರಿನೊಂದಿಗೆ ಹೊರಗೆ ಬರುವುದು. ಎರಡು ಕಡೆಗೂ ನೀರೇ ನೂಕುತ್ತದೆ. ಸೋಮಾರಿತನಕ್ಕೆ ಜಾಣತನವೆಂಬ ಹೆಸರು ಸಿಗುವುದು ಇಂಥ ಯೋಜನೆಗಳಲ್ಲೇ.

ಬೆಳಿಗ್ಗೆ ಎಂಟಕ್ಕೆ ಹೊರಟಿದ್ದೆವು. ಇಬ್ಬರು ಕೂರುವ ಪ್ಲಾಸ್ಟಿಕ್ ಕಯಾಕ್. ಮುಂದೆ ಕೂತವರು ಹುಟ್ಟಿನ ಲಯ ಹಿಡಿಯಬೇಕು, ಹಿಂದೆ ಕೂತವರು ಅದಕ್ಕೆ ಹೊಂದಿಕೊಂಡು ದಿಕ್ಕು ತಿದ್ದಬೇಕು. ಹಾಗಾಗಿ ನಾನು ಮುಂದೆ, ಅಕ್ಕ ಹಿಂದೆ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ನಡೆದುಬಂದ ವ್ಯವಸ್ಥೆ ಇದೇ ಆದ್ದರಿಂದ ಹೊಸದಾಗಿ ಕಲಿಯುವುದೇನೂ ಇರಲಿಲ್ಲ. ಕಲಿಯಬೇಕಾದದ್ದು ತೋಳನ್ನು ಸುಮ್ಮನಿರಿಸುವುದನ್ನು. ಎರಡೂ ತುದಿಗೆ ಅಲಗಿರುವ ಹುಟ್ಟನ್ನು ತೋಳಿನಿಂದ ಎಳೆದರೆ ಅರ್ಧ ಗಂಟೆಯಲ್ಲಿ ಭುಜ ಸೋಲುತ್ತದೆ. ಸೊಂಟದಿಂದ ಮೇಲೆ ಇಡೀ ಮೈ ತಿರುಗಬೇಕು. ಉತ್ತರ ಧ್ರುವದ ಸುತ್ತಿನ ಇನುಯಿಟ್ ಬೇಟೆಗಾರರು ಸೀಲ್ ಚರ್ಮ ಹೊದಿಸಿ ಕಟ್ಟುತ್ತಿದ್ದ ದೋಣಿ ಇದು. ಇದರಲ್ಲಿ ಮುಂದೆ ನೋಡುತ್ತಲೇ ಸದ್ದಿಲ್ಲದೆ ಸಾಗಬಹುದು. ಅವರಿಗೆ ಅದು ಬೇಟೆಗೆ ಬೇಕಿತ್ತು. ನಮಗೆ, ಒಂದು ಮಿಂಚುಳ್ಳಿಯ ಕೊಂಬೆಯ ಕೆಳಗೇ ಹಾದುಹೋಗುವಾಗ ಅದು ಹಾರದೆ ಕೂತಿತ್ತಲ್ಲ, ಅಷ್ಟಕ್ಕೆ ಬಂತು.

ಈ ಕವಲಿನ ದಂಡೆಯ ಮೇಲೆ ಎಷ್ಟೋ ವರ್ಷಗಳಿಂದ ನಡೆದಿದ್ದೇವೆ. ಅಲ್ಲಿಂದ ನೋಡಿದರೆ ಕಾಂಡ್ಲಾ ಕಾಡು ಒಂದು ಹಸಿರು ಗೋಡೆ, ಅಷ್ಟೇ. ನೀರಿಗಿಳಿದು, ಕಣ್ಣು ನೀರಿನ ಮಟ್ಟಕ್ಕಿಂತ ಎರಡೂವರೆ ಅಡಿ ಮೇಲಷ್ಟೇ ಇದ್ದಾಗ, ಗೋಡೆ ಕಂಬಗಳಾಗಿ ಬಿಡಿಸಿಕೊಂಡಿತು. ಬೇರುಗಳು ಕಾಂಡದ ಅರ್ಧದಿಂದಲೇ ಬಿಲ್ಲಿನಂತೆ ಬಾಗಿ ನೀರಿಗಿಳಿದಿದ್ದವು. ಕೊಂಬೆಗಳಿಂದ ನುಗ್ಗೆಕಾಯಿಯಂಥವು ತೂಗುತ್ತಿದ್ದವು. ಅವು ಕಾಯಿಗಳಲ್ಲ, ಸಸಿಗಳು. ಈ ಮರದ ಬೀಜ ತಾಯಿಯ ಮೇಲಿರುವಾಗಲೇ ಮೊಳೆತು, ಉದ್ದವಾಗಿ ಬೆಳೆದು, ಆಮೇಲೆ ಕಳಚಿಕೊಳ್ಳುತ್ತದೆ. ಇಳಿತದಲ್ಲಿ ಬಿದ್ದರೆ ಈಟಿಯಂತೆ ಕೆಸರಿಗೆ ನಾಟಿಕೊಳ್ಳಬಹುದು. ಉಬ್ಬರದಲ್ಲಿ ಬಿದ್ದರೆ ತೇಲುತ್ತಾ ಬೇರೆ ದಡ ಹುಡುಕಿಕೊಳ್ಳುತ್ತದೆ. ಅಂಥದ್ದೊಂದು ನಮ್ಮ ಪಕ್ಕದಲ್ಲೇ, ನಮಗಿಂತ ನೆಟ್ಟಗೆ ತೇಲಿಕೊಂಡು ಸ್ವಲ್ಪ ದೂರ ಬಂತು.

ಒಳತುದಿಯಲ್ಲಿ ದೋಣಿ ಕಟ್ಟಿ ದಂಡೆ ಹತ್ತಿದೆವು. ನಾನು ಸಿಕ್ಕಿಬಿದ್ದದ್ದು ಮುಂದಿನ ಸಂಗತಿಯಲ್ಲಿ. 11:45ಕ್ಕೆ ಒಮ್ಮೆ ಹಿಂದಿರುಗಿ ನೋಡಿದ್ದೆವು. ಉಬ್ಬರ ತುಂಬಿ ಸುಮಾರು ಒಂದು ಗಂಟೆ ಕಳೆದಿತ್ತು. ಬೇರಿನ ಮೇಲಿನ ಒದ್ದೆ ಗುರುತು ನೋಡಿದರೆ ನೀರು ಒಂದು ಗೇಣೂ ಇಳಿದಿರಲಿಲ್ಲ. ಗಂಟೆಗೆ ಇಷ್ಟೇ ಆದರೆ ಮೂರು ಗಂಟೆಗೆ ಮೂರು ಪಾಲು, ಬೇಕಾದಷ್ಟು ಹೊತ್ತಿದೆ ಎಂದು ಘೋಷಿಸಿದೆ. ನೀರು ಹಾಗೆ ಇಳಿಯುವುದಿಲ್ಲ. ಸುಮಾರು ಆರು ಗಂಟೆಯ ಇಳಿತವನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಆಮೇಲೆ ಮತ್ತೆ ಎರಡು, ಒಂದು. ಅಂದಾಜಿನ ಲೆಕ್ಕ ನಿಜ, ಒಂದೊಂದು ಕವಲೂ ಅದನ್ನು ತನ್ನಂತೆ ತಿದ್ದಿಕೊಳ್ಳುತ್ತದೆ. ಆದರೂ ನೀರು ಒಟ್ಟು 1.8 ಮೀಟರ್ ಇಳಿಯುವುದಾದರೆ ಮೊದಲ ಗಂಟೆಯಲ್ಲಿ ಹೋಗುವುದು 15 ಸೆಂಟಿಮೀಟರ್, ಮೂರನೆಯ ಗಂಟೆಯಲ್ಲಿ 45. ಇದು ನನಗೆ ಗೊತ್ತಿತ್ತು. ಹಿಂದಿನ ರಾತ್ರಿ ಅಕ್ಕನಿಗೆ ಫೋನಿನಲ್ಲಿ ವಿವರಿಸಿದ್ದೂ ನಾನೇ. ಕಣ್ಣೆದುರು ನಿಂತ ನೀರು ಕಂಡಾಗ ಕಾಗದದ ನೀರು ಮರೆತುಹೋಯಿತು.

"ರಾತ್ರಿ ಎಂಟರ ಹೊತ್ತಿಗೆ ನೀರು ಮತ್ತೆ ಇಲ್ಲಿಗೆ ಬರುತ್ತದೆ, ಅಲ್ಲವೆ?" ಎಂದಳು ಅಕ್ಕ. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಬೈಯದೆ ಲೆಕ್ಕ ಹೇಳುವವರ ಜೊತೆ ಜಗಳವಾಡುವುದು ಹೇಗೆ?

ಎಳೆದುಕೊಂಡು ಹೋಗೋಣವೆಂದು ನಾನು ಕೆಸರಿಗೆ ಕಾಲಿಟ್ಟೆ. ಎರಡನೆಯ ಹೆಜ್ಜೆಗೆ ಮೊಣಕಾಲು ಮುಳುಗಿತು. ಕಾಲು ಕೀಳಲು ಹೋದರೆ ಚಪ್ಪಲಿ ಕೆಸರಿನ ಪಾಲು. ಕೊನೆಗೆ ಕಯಾಕಿನ ಮೇಲೆ ಬೋರಲು ಬಿದ್ದು, ಭಾರ ಹಂಚಿಕೊಂಡು ಕಾಲನ್ನು ಬಿಡಿಸಿಕೊಂಡೆ. ಆ ಭಂಗಿಯಲ್ಲಿ, ಮುಖ ಕೆಸರಿಗೆ ಒಂದಡಿ ದೂರದಲ್ಲಿದ್ದಾಗ, ಅಲ್ಲಿ ನಡೆಯುತ್ತಿದ್ದ ಸಂತೆ ಕಾಣಿಸಿತು. ಹೆಬ್ಬೆರಳಿನಷ್ಟು ಮೀನುಗಳು ಮುಂದಿನ ಈಜುರೆಕ್ಕೆಗಳನ್ನು ಊರಿ ಕುಪ್ಪಳಿಸುತ್ತಿದ್ದವು. ಕಣ್ಣು ನೆತ್ತಿಯ ಮೇಲೆ. ಮೈ ಒದ್ದೆಯಾಗಿರುವವರೆಗೆ ಚರ್ಮದಿಂದಲೂ ಉಸಿರಾಡುವ ಮೀನುಗಳಿವು, ಅದಕ್ಕೇ ಆಗಾಗ ಹೊರಳಿ ಮೈ ನೆನೆಸಿಕೊಳ್ಳುತ್ತವೆ. ಪಕ್ಕದಲ್ಲಿ ಗಂಡು ಏಡಿಗಳು ತಮ್ಮ ಒಂದೇ ದೊಡ್ಡ ಕೊಂಡಿಯನ್ನು ಎತ್ತಿ ಎತ್ತಿ ಇಳಿಸುತ್ತಿದ್ದವು. ಅದು ಹೆಣ್ಣನ್ನು ಕರೆಯುವ ಸನ್ನೆಯಂತೆ. ನನಗೆ ಮಾತ್ರ ಅವು ನನ್ನನ್ನೇ ಬೀಳ್ಕೊಡುತ್ತಿವೆ ಎನ್ನಿಸಿತು. ಬೆಳಿಗ್ಗೆ ನಾವು ಹುಟ್ಟು ಹಾಕಿದ್ದು ಇವರೆಲ್ಲರ ಮಾಳಿಗೆಯ ಮೇಲೆ.

ದಾರಿ ತೋರಿಸಿದ್ದು ನಡೆದ ಕಾಲು. ಬೆಳಿಗ್ಗೆ ದಂಡೆಯಲ್ಲಿ ಬರುವಾಗ ಕವಲು ತಿರುಗುವ ಒಂದು ಕಡೆ ದಡ ಕಡಿದುಹೋಗಿ ಕಾಲುದಾರಿ ಒಳಕ್ಕೆ ಸರಿದಿತ್ತು. ಹೊಳೆ ಬಾಗುವಲ್ಲಿ ನೀರು ಹೊರಮಗ್ಗುಲಿನಲ್ಲಿ ಜೋರಾಗಿ ಹರಿದು ಕೊರೆಯುತ್ತದೆ, ಒಳಮಗ್ಗುಲಿನಲ್ಲಿ ಕೆಸರು ಬಿಟ್ಟುಹೋಗುತ್ತದೆ. ಹೊರಮಗ್ಗುಲಿನಲ್ಲಿ ಇಳಿತದಲ್ಲೂ ಆಳ ಇರಲೇಬೇಕು. ಅಲ್ಲಿಗೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಕಯಾಕನ್ನು ಬೇರುಗಳ ನಡುವಿನಿಂದ ದಂಡೆಗೆ ಎಳೆದೆವು. ಬೇರಿಗಂಟಿದ ಸಿಂಪಿಗಳ ಅಂಚು ಬ್ಲೇಡಿನಂತೆ. ನನ್ನ ಹಿಮ್ಮಡಿಯಲ್ಲಿ ಗೀರು ಇನ್ನೂ ಇದೆ. ಮೂವತ್ತು ಕಿಲೋ ಮೀರಿದ ದೋಣಿ, ಹಿಂದೊಂದು ಮುಂದೊಂದು ಹಿಡಿ. ನೂರು ಹೆಜ್ಜೆ, ಇಳಿಸು, ಕೈ ಬದಲಿಸು, ಮತ್ತೆ ನೂರು ಹೆಜ್ಜೆ. ಬೆಳಿಗ್ಗೆ ಸಮತಟ್ಟಾಗಿದ್ದ ಆ ದಂಡೆಯಲ್ಲಿ ಎಷ್ಟು ಏರುತಗ್ಗುಗಳಿವೆಯೆಂದು ಈಗ ತಿಳಿಯಿತು. ಇಲ್ಲಿಯೂ ನಾನೇ ಮುಂದೆ, ಅಕ್ಕನೇ ಹಿಂದೆ. ದಿಕ್ಕು ತಿದ್ದುವ ಕೆಲಸ ನಿಂತಿರಲಿಲ್ಲ.

ತಿರುವಿನಲ್ಲಿ ನೀರಿತ್ತು. ಹುಟ್ಟನ್ನು ನೆಟ್ಟಗೆ ಇಳಿಸಿ ನೋಡಿದೆ, ತಳ ಸಿಗಲಿಲ್ಲ. ಅಷ್ಟು ಸಂತೋಷವನ್ನು ಇತ್ತೀಚೆಗೆ ಇನ್ನಾವುದೂ ಕೊಟ್ಟಿರಲಿಲ್ಲ.

ಆದರೆ ಮಧ್ಯಾಹ್ನ ಕಳೆದಿತ್ತು, ಕಡಲ ಗಾಳಿ ಎದ್ದಿತ್ತು. ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನ. ನೆಲದ ಮೇಲಿನ ಬಿಸಿಗಾಳಿ ಮೇಲೇರಿದಂತೆ ಸಮುದ್ರದ ಗಾಳಿ ಒಳಕ್ಕೆ ನುಗ್ಗುತ್ತದೆ. ನೀರು ಹೊರಕ್ಕೆ, ಗಾಳಿ ಒಳಕ್ಕೆ. ಎರಡೂ ಎದುರುಬದುರಾದಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಏಳುತ್ತವೆ. ಅಗಲವಾದ ಅಳಿವೆಯಲ್ಲಿ ನಡುನೀರು ಬಿಟ್ಟು ಮರಗಳ ಮರೆಯಲ್ಲೇ ಅಂಚು ಹಿಡಿದು ಬಂದೆವು. ಲೈಫ್ ಜಾಕೆಟ್ ಸೆಕೆ ಎಂದು ಬೆಳಿಗ್ಗೆ ಗೊಣಗಿದವಳು ನಾನು. ಈಗ ಅದರ ಪಟ್ಟಿಯನ್ನು ಇನ್ನೊಂದು ಬೆರಳಷ್ಟು ಬಿಗಿ ಮಾಡಿದೆ. ಮಾತಿರಲಿಲ್ಲ. ಹಿಂದಿನಿಂದ ಆಗಾಗ "ಎಡಕ್ಕೆ" ಎನ್ನುವುದೊಂದೇ.

ನಾಲ್ಕೂವರೆಗೆ ದಡ. ಅಕ್ಕ ಕೈಕಾಲು ತೊಳೆದು, ಹುಟ್ಟನ್ನು ಒರೆಸಿಟ್ಟು, ಒಂದು ಮಾತೂ ಆಡದೆ ಮನೆಗೆ ಹೋದಳು.

ಮರುದಿನ ಸರಿಯಾಗಿ 11:40ಕ್ಕೆ ಅವಳ ಫೋನ್ ಬಂತು. "ಈಗ ಅಲ್ಲಿ ತುಂಬಿರುತ್ತದೆ" ಎಂದಳು. ದಿನಕ್ಕೆ ಐವತ್ತು ನಿಮಿಷ ತಡವಾಗುವುದನ್ನೂ, ಒಳತುದಿಯ ಅರ್ಧ ಗಂಟೆಯನ್ನೂ ಸೇರಿಸಿಕೊಂಡಿದ್ದಳು. ಹೌದೆಂದೆ. "ಅಮಾವಾಸ್ಯೆಗೆ ಇನ್ನು ಹನ್ನೆರಡು ದಿನ. ಆ ಗಿಡ್ಡ ಹಗ್ಗ ಬಿಸಾಕು, ಉದ್ದದ್ದೊಂದು ತಂದಿಡು."