ಮರದ ಶೂ ಮಾಡೋಕೆ ಹೋಗಿ ಬಣ್ಣ ಬಳಿದು ಬಂದೆವು

ಆಮ್‌ಸ್ಟರ್‌ಡ್ಯಾಂ ಹತ್ತಿರ ‘ಮರದ ಶೂ ಕಾರ್ಯಾಗಾರ’ ಅಂತ ನೋಡಿ ತಲಾ 45 ಯೂರೋ ಕಟ್ಟಿದ್ದೆವು. ಹೋಗಿ ಕೂತರೆ ಎದುರಿಗೆ ಬಂದದ್ದು ಮೆಷಿನ್‌ನಲ್ಲಿ ಮಾಡಿಟ್ಟ ಶೂ, ನಾಲ್ಕು ಡಬ್ಬಿ ಬಣ್ಣ, ಒಂದು ಬ್ರಶ್. ಮರ ಎಲ್ಲಿ, ಕತ್ತಿ ಎಲ್ಲಿ ಅಂದರೆ ಆ ಹುಡುಗಿ ನಕ್ಕಳು. ನನ್ನ ಹೆಂಡತಿ ಟ್ಯುಲಿಪ್ ಬಿಡಿಸಿದಳು. ನಾನು ಸಿಟ್ಟಿಗೆ ನನ್ನ ಎರಡಕ್ಕೂ ಕಪ್ಪು ಬಳಿದೆ.

ಅದಕ್ಕೇ ಹೇಳುವುದು, ದುಡ್ಡು ಕಟ್ಟುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಹಸಿ ಮರ ಕೊಡ್ತೀರಾ, ಕತ್ತಿ ನಮ್ಮ ಕೈಗೆ ಕೊಡ್ತೀರಾ? ಉತ್ತರ ಸುತ್ತಿ ಬಳಸಿ ಬಂದರೆ ಅದು ಬಣ್ಣದ ಕ್ಲಾಸೇ.

ಸುಮ್ನೆ ನೋಡಿದರೆ ಸಾಕು ಅನ್ನುವವರಿಗೆ ಆಮ್‌ಸ್ಟರ್‌ಡ್ಯಾಂ ಹತ್ತಿರವೇ ಗಾಳಿಗಿರಣಿಗಳ ಊರು ಜಾನ್ಸ ಸ್ಖಾನ್ಸ್ ಇದೆ. ಬೀಗದ ಕೈ ನಕಲು ಮಾಡುವ ಹಾಗೆ, ಒಂದು ಮಾದರಿ ಶೂ ನೋಡಿಕೊಂಡು ಮೆಷಿನ್ ಇನ್ನೊಂದನ್ನು ಕೆಲವೇ ನಿಮಿಷದಲ್ಲಿ ಕೆತ್ತುತ್ತದೆ. ಆದರೆ ಜಾತ್ರೆಯಷ್ಟು ಜನ. ನನಗೆ ಅರ್ಧ ಗಂಟೆಗೇ ತಲೆನೋವು ಬಂತು.

ನಿಜವಾದ ಕೆಲಸ ಸಿಕ್ಕಿದ್ದು ದೇಶದ ದಕ್ಷಿಣಕ್ಕಿರುವ ಬ್ರಬಾಂಟ್ ಪ್ರಾಂತ್ಯದ ಕಡೆ. ಐಂಡ್‌ಹೋವನ್ ಸುತ್ತ ಬೆಸ್ಟ್, ಲಿಂಪ್ಡೆ, ಸಿಂಟ್ ಊಡನ್‌ರೋಡೆ ಅಂತ ಊರುಗಳಿವೆ. ಪಾಪ್ಲರ್ ಮರದ ಸೀಮೆ, ಹಿಂದೆ ಶೂ ಮಾಡುವವರದ್ದೇ ಊರುಗಳು. ಅಲ್ಲೊಬ್ಬ ಹಿರಿಯರ ಕೊಟ್ಟಿಗೆಯಲ್ಲಿ ಮೂರು ಗಂಟೆ ಬೆವರು ಸುರಿಸಿದೆವು. ಡಚ್ಚರು ಈ ಮರದ ಶೂಗೆ ಕ್ಲೊಂಪ್ ಅನ್ನುತ್ತಾರೆ.

ಮೊದಲು ಕೊಡಲಿಯಲ್ಲಿ ಒರಟಾಗಿ ಕಡಿಯುವುದು. ಆಮೇಲೆ ಪಾಲ್‌ಮೆಸ್ ಅನ್ನುವ ಉದ್ದನೆ ಕತ್ತಿ. ಅಜ್ಜಿಯ ಅಡಕತ್ತರಿ ಮಾರುದ್ದ ಬೆಳೆದರೆ ಹೇಗಿರುತ್ತದೋ ಹಾಗೆ. ಒಂದು ತುದಿಯ ಕೊಕ್ಕೆ ದಿಮ್ಮಿಯ ಬಳೆಗೆ ಸಿಕ್ಕಿಕೊಂಡಿರುತ್ತದೆ, ಇನ್ನೊಂದು ತುದಿಯ ಹಿಡಿ ಒತ್ತಬೇಕು. ಅವರು ಒತ್ತಿದರೆ ಹಸಿ ಮರ ಮೂಲಂಗಿ ಹೆರೆದ ಹಾಗೆ ಬರುತ್ತಿತ್ತು. ನಾನು ಒತ್ತಿದರೆ ಕತ್ತಿ ಅಲ್ಲೇ ಕಚ್ಚಿ ನಿಲ್ಲುತ್ತಿತ್ತು. ಒಳಗೆ ಟೊಳ್ಳು ಮಾಡಲು ಸೌಟಿನಂಥ ಬೈರಿಗೆ. ಹುಮ್ಮಸ್ಸಿನಲ್ಲಿ ತಿರುಗಿಸಿ ಬೆರಳಿನ ಕಡೆ ತೂತು ಆಚೆ ತೆಗೆದುಬಿಟ್ಟೆ! ಅವರು ತಲೆ ಚಚ್ಚಿಕೊಂಡು ‘ನೂ ಬ್ರೇಕ್ತ್ ಮೈನ್ ಕ್ಲೊಂಪ್’ ಅಂದರು. ‘ನನ್ನ ಕ್ಲೊಂಪೇ ಒಡೀತು’ ಅಂತ ಅರ್ಥ. ಆಶ್ಚರ್ಯವಾದಾಗ ಡಚ್ಚರು ಆಡುವ ಮಾತು, ನನ್ನ ವಿಷಯದಲ್ಲಿ ಅಕ್ಷರಶಃ ನಿಜವಾಯಿತು. ಇನ್ನೊಂದು ತುಂಡಿನಲ್ಲಿ ಕೊನೆಗೂ ಒಂದು ಕಾಲಿನದ್ದಾಯಿತು. ಜೋಡಿ ಆಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ವಾಪಸ್ ಬರುವಾಗ ಬಸ್ ನಮ್ಮ ಮುಂದೆಯೇ ನಿಲ್ಲದೆ ಹೋಯಿತು. ಸ್ಟಾಪಿನಲ್ಲಿ ನಿಂತರೆ ಸಾಲದು, ಕೈ ತೋರಿಸಬೇಕು ಅಂತ ಗೊತ್ತಿರಲಿಲ್ಲ. ಮುಂದಿನದಕ್ಕೆ ಒಂದು ಗಂಟೆ, ಆ ಗಾಳಿಯಲ್ಲಿ. ಬಸ್ಸಿನಲ್ಲಿ ನೋಟು ತಗೊಳ್ಳಲ್ಲ, ಕಾರ್ಡ್ ಇರಲಿ.

ಊಟದ ವಿಷಯ ಹೇಳಲೇಬೇಕು. ಆಮ್‌ಸ್ಟರ್‌ಡ್ಯಾಮಿನ ಆಲ್ಬರ್ಟ್ ಕೌಪ್ ಮಾರ್ಕೆಟ್ ಪಕ್ಕದ ಗಲ್ಲಿಯಲ್ಲಿ ಸುರಿನಾಮಿ ರೊಟ್ಟಿ ಅಂಗಡಿಗೆ ಮೂರು ಸಲ ಹೋದೆವು. 1873ರಿಂದ ನಮ್ಮ ಉತ್ತರ ಭಾರತದ ಕೂಲಿಗಳನ್ನು ಡಚ್ಚರು ದಕ್ಷಿಣ ಅಮೆರಿಕದ ತಮ್ಮ ವಸಾಹತು ಸುರಿನಾಮಿಗೆ ಕರೆದೊಯ್ದರಲ್ಲ, ಅವರ ಮಕ್ಕಳು ಮೊಮ್ಮಕ್ಕಳ ಕೈರುಚಿ ಇದು. ಬೇಳೆಪುಡಿ ತುಂಬಿದ ಮೆತ್ತನೆ ರೊಟ್ಟಿ, ಆಲೂಗಡ್ಡೆ ಪಲ್ಯ, ಮಾರುದ್ದದ ಅಲಸಂದೆ ಕಾಯಿ. ಹೆಚ್ಚುಕಮ್ಮಿ ಹೋಳಿಗೆ ಹಿಟ್ಟಿನ ಹದ! ಹತ್ತು ಯೂರೋ ಆಸುಪಾಸಿನಲ್ಲಿ ಹೊಟ್ಟೆ ಬಿರಿಯುತ್ತದೆ. ಮಾಂಸ ಬೇಡ ಅಂತ ಮೊದಲೇ ಹೇಳಿ. ಹಳದಿ ಮೆಣಸಿನಕಾಯಿ ಚಟ್ನಿ ತುದಿನಾಲಿಗೆಯಲ್ಲಿ ಮುಟ್ಟಿ ನೋಡಿ, ಗುಂಟೂರಿನ ಮೆಣಸಿನಕಾಯಿ ಇದರ ಮುಂದೆ ಏನೂ ಅಲ್ಲ.

ಕೆತ್ತಿದ ಶೂ ಹಸಿಯಾಗಿರುತ್ತದೆ, ವಾರಗಟ್ಟಲೆ ನೆರಳಿನಲ್ಲಿ ಒಣಗಬೇಕು. ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಬೂಸ್ಟು, ಪೇಪರ್‌ನಲ್ಲಿ ಸುತ್ತಿ. ಬೇಗ ಒಣಗಲಿ ಅಂತ ರೂಮಿನ ಹೀಟರ್ ಮೇಲೆ ಇಡಬೇಡಿ. ನಾನಿಟ್ಟೆ, ಬೆಳಗ್ಗೆ ಎದ್ದು ನೋಡಿದರೆ ಹಿಮ್ಮಡಿಯಿಂದ ಉದ್ದಕ್ಕೆ ಸೀಳಿತ್ತು. ಈಗ ಮನೆಯಲ್ಲಿ ನನ್ನದು ಅಂತ ಸರಿಯಾಗಿ ಉಳಿದಿರುವುದು ಆ ಕಪ್ಪು ಬಣ್ಣದ ಜೋಡಿ ಮಾತ್ರ.