ಹಲ್ಲು ನೋವೆಂದು ಬಂದವರ ಕೆನ್ನೆಯನ್ನೂ ನೋಡಬೇಕು

ತುಮಕೂರು ಜಿಲ್ಲೆಯ ಒಂದು ಹೋಬಳಿಯಲ್ಲಿ ನಾನು ಹಲ್ಲಿನ ಕ್ಲಿನಿಕ್ ಇಟ್ಟು 11 ವರ್ಷವಾಯಿತು. ಮೊದಲ ವರ್ಷ ಒಬ್ಬ ಅಮ್ಮ ಬಂದಿದ್ದರು. ಮೇಲಿನ ದವಡೆ ಹಲ್ಲು ನೋವು. ಕಿತ್ತೆ, ಹತ್ತಿ ಕಚ್ಚಿಸಿ ಕಳಿಸಿದೆ. ಎಲೆ ಅಡಿಕೆ ಹಾಕುವವರು ಅಂತ ಹಲ್ಲಿನ ಕರೆ ನೋಡಿದರೇ ಗೊತ್ತಾಗುತ್ತಿತ್ತು. ಅವರು ಹೊಗೆಸೊಪ್ಪು ಇಟ್ಟುಕೊಳ್ಳುತ್ತಿದ್ದದ್ದು ಎಡಗಡೆ ಕೆಳಗೆ, ಕೆನ್ನೆ ಮತ್ತು ವಸಡಿನ ಸಂದಿಯಲ್ಲಿ. ಆ ಸಂದಿಯನ್ನು ನಾನು ನೋಡಲೇ ಇಲ್ಲ.

ಒಂದೂವರೆ ವರ್ಷದ ನಂತರ ಬಂದಾಗ ಅಲ್ಲಿ ಹುಣ್ಣಾಗಿತ್ತು. ಮುಟ್ಟಿದರೆ ಅಂಚು ಗಟ್ಟಿ. "ಮುಂಚೆಯಿಂದ ಬೆಳ್ಳಗೆ ಇತ್ತು ಡಾಕ್ಟರಮ್ಮ, ನೋವಿರಲಿಲ್ಲವಲ್ಲ, ಅದಕ್ಕೇ ಹೇಳಲಿಲ್ಲ" ಅಂದರು. ಅದು ಕ್ಯಾನ್ಸರ್. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ದವಡೆಯ ಒಂದು ಭಾಗ ಹೋಯಿತು. ಅವರು ಹೇಳಲಿಲ್ಲ ನಿಜ, ಆದರೆ ನೋಡಬೇಕಿದ್ದವಳು ನಾನು.

ಈಗ ಯಾರೇ ಬರಲಿ, ಯಾವ ಹಲ್ಲಿಗೇ ಬರಲಿ, ಮೊದಲ 2 ನಿಮಿಷ ಹಲ್ಲನ್ನು ಮುಟ್ಟುವುದಿಲ್ಲ. "ಸೊಪ್ಪು ಎಲ್ಲಿ ಇಟ್ಕೋತೀರಾ?" ಅಂತ ಕೇಳುತ್ತೇನೆ. "ಹಾಕ್ತೀರಾ?" ಅಂದರೆ ತುಂಬಾ ಜನ ಇಲ್ಲ ಅಂತಾರೆ. "ಎಲ್ಲಿ" ಅಂದರೆ ಬೆರಳಿಟ್ಟು ತೋರಿಸುತ್ತಾರೆ. ಎರಡೂ ಕೆನ್ನೆ ಎಳೆದು ನೋಡುತ್ತೇನೆ. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ಆಮೇಲೆ ಮೇಲಕ್ಕೆತ್ತಿಸಿ ಅಡಿಯಲ್ಲೂ ನೋಡುತ್ತೇನೆ.

ಬಿಳಿ ಕಂಡರೆ ಮೊದಲು ಒರೆಸುತ್ತೇನೆ. ಹಾಲಿನ ಕೆನೆಯ ಹಾಗೆ ಕಿತ್ತು ಬಂದು, ಕೆಳಗೆ ಕೆಂಪಗೆ ಕಂಡರೆ ಸಾಮಾನ್ಯವಾಗಿ ಅದು ಫಂಗಸ್. ಎಳೆ ಮಕ್ಕಳಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ರಾತ್ರಿಯೂ ಹಲ್ಲಿನ ಸೆಟ್ ತೆಗೆಯದ ಅಜ್ಜ ಅಜ್ಜಿಯರಲ್ಲಿ ಜಾಸ್ತಿ. ಔಷಧಿಗೆ ಹೋಗುತ್ತದೆ.

ಒರೆಸಿದರೂ ಬಾರದೇ ಇದ್ದರೆ ಕಾರಣ ಹುಡುಕಬೇಕು. ಎರಡು ಕೆನ್ನೆಯಲ್ಲೂ ಹಲ್ಲು ಕೂಡುವ ಜಾಗದಲ್ಲಿ ನೇರ ಬಿಳಿ ಗೆರೆ ಇದ್ದರೆ ಭಯ ಬೇಡ, ಅದು ಎಷ್ಟೋ ಜನಕ್ಕೆ ಇರುತ್ತದೆ. ಹಲ್ಲು ನೋವಿಗೆ ಲವಂಗದ ಎಣ್ಣೆ, ಇಲ್ಲಾ ನೋವಿನ ಮಾತ್ರೆಯನ್ನೇ ಪಕ್ಕದಲ್ಲಿ ಇಟ್ಟುಕೊಂಡು ಸುಟ್ಟುಕೊಂಡವರೂ ಬರುತ್ತಾರೆ. ಮುರಿದ ಹಲ್ಲಿನ ಚೂಪು ತಾಗಿ ಬೆಳ್ಳಗಾಗಿದ್ದರೆ ಉಜ್ಜಿ ನುಣುಪು ಮಾಡಿ 2 ವಾರ ಬಿಟ್ಟು ಬರಹೇಳುತ್ತೇನೆ. ಸೊಪ್ಪಿನಿಂದ ಆದದ್ದೂ ಸೊಪ್ಪು ಬಿಟ್ಟರೆ ಎಷ್ಟೋ ಸಲ ಕೆಲವು ವಾರದಲ್ಲಿ ತಿಳಿಯಾಗುತ್ತದೆ. 2 ವಾರವಾದರೂ ಹಾಗೇ ಇದ್ದು, ಬೇರೆ ಕಾರಣವೂ ಸಿಗದಿದ್ದರೆ ಅದನ್ನು ಲ್ಯೂಕೋಪ್ಲೇಕಿಯಾ, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಬಿಳಿ ಮಚ್ಚೆ, ಎಂದು ನೋಡಿ ಬಯಾಪ್ಸಿಗೆ (ಚೂರು ತೆಗೆದು ಮಾಡುವ ಪರೀಕ್ಷೆಗೆ) ಕಳಿಸುತ್ತೇನೆ. ಇದರಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗುವುದಿಲ್ಲ. ಆದರೆ ಯಾವುದು ಆಗುತ್ತದೆ ಅಂತ ಕಣ್ಣಿನಲ್ಲಿ ನೋಡಿ ಹೇಳಲು ನನಗೂ ಆಗಲ್ಲ, ಯಾರಿಗೂ ಆಗಲ್ಲ.

ಬಿಳಿಯ ಜೊತೆ ಕೆಂಪು ಬೆರೆತಿದ್ದರೆ, ಮುಟ್ಟಿದರೆ ಗಟ್ಟಿ ಇದ್ದರೆ, ರಕ್ತ ಬಂದರೆ, ಕುತ್ತಿಗೆಯಲ್ಲಿ ಗಂಟು ಸಿಕ್ಕರೆ 2 ವಾರವೂ ಕಾಯುವುದಿಲ್ಲ. ನಾಲಿಗೆಯ ಪಕ್ಕ ಅಥವಾ ಅಡಿಯಲ್ಲಿ ಇದ್ದರೂ ಅಷ್ಟೇ.

ಬಯಾಪ್ಸಿ ಅಂದ ತಕ್ಷಣ ಜನ ಕುರ್ಚಿಯಿಂದ ಏಳುತ್ತಾರೆ. "ಕತ್ತರಿಸಿದರೆ ಹರಡುತ್ತಂತೆ, ಅಲ್ವಾ?" ಈ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಇಲ್ಲ, ಹರಡಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಅಕ್ಕಿಕಾಳಿನಷ್ಟು ಚೂರು ತೆಗೆಯುತ್ತಾರೆ. ಪರೀಕ್ಷೆ ಮಾಡಿಸಿದ ಮೇಲೆ ಕ್ಯಾನ್ಸರ್ ಗೊತ್ತಾದವರನ್ನು ನೋಡಿ ಜನ ಪರೀಕ್ಷೆಯಿಂದಲೇ ಬಂತು ಅಂದುಕೊಳ್ಳುತ್ತಾರೆ. ಒಬ್ಬರನ್ನು ಒಪ್ಪಿಸಲು ಅರ್ಧ ಗಂಟೆ ಹೋದರೂ ನನಗೆ ಬೇಜಾರಿಲ್ಲ.

ಅಡಿಕೆಯ ಮಾತು ಇನ್ನೂ ಕಷ್ಟ. ಈ ಭಾಗದಲ್ಲಿ ಎಷ್ಟೋ ಮನೆಗಳ ಅನ್ನ ಅಡಿಕೆ ತೋಟದ್ದು. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತು ಎಂದಿದೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಈಗ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು. ಹುಡುಗರು ಎರಡನ್ನೂ ಬೆರೆಸಿ ಹಾಕಿಕೊಳ್ಳುತ್ತಾರೆ. ಅವರ ಕೆನ್ನೆ ಬಿಳಿಚಿ, ಬಿಗಿಯಾಗಿ, ಖಾರ ತಿಂದರೆ ಉರಿ. ಬಾಯಿ ಎಷ್ಟು ತೆರೆಯುತ್ತದೆ ಅಂತ ನೋಡಲು ತಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಬಾಯಿಗೆ ಇಡಲು ಹೇಳುತ್ತೇನೆ. 22 ವರ್ಷದ ಹುಡುಗನಿಗೆ ಎರಡೂ ಹೋಗದಿದ್ದಾಗ ನನ್ನ ಹೊಟ್ಟೆ ಉರಿಯುತ್ತದೆ. ಬಿಡಬೇಕು ಅನ್ನುವವರಿಗೆ 1800-11-2356 ನಂಬರ್ ಬರೆದುಕೊಡುತ್ತೇನೆ. ಅದಕ್ಕೆ ದುಡ್ಡಿಲ್ಲ.

ಹೋದ ವರ್ಷ ಒಬ್ಬ ಆಟೋ ಡ್ರೈವರ್ ಹುಳುಕು ಹಲ್ಲಿಗೆ ಬಂದರು. ಕೆನ್ನೆಯಲ್ಲಿ ಬೆರಳಗಲ ಬಿಳಿ ಮಚ್ಚೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರಲಿಲ್ಲ, ಆದರೆ ಬದಲಾವಣೆ ಶುರುವಾಗಿತ್ತು. ತೆಗೆಸಿಕೊಂಡರು, ಸೊಪ್ಪು ಬಿಟ್ಟರು, 3 ತಿಂಗಳಿಗೊಮ್ಮೆ ತೋರಿಸುತ್ತಾರೆ. ಕಳೆದ ವಾರ ಹೆಂಡತಿಯನ್ನೂ ಕರೆತಂದಿದ್ದರು. "ಇವಳ ಬಾಯಲ್ಲೂ ಬೆಳ್ಳಗಿದೆ ಮೇಡಂ" ಅಂದರು, ಮುಖ ಬಾಡಿತ್ತು. ಒರೆಸಿದೆ, ಬಂತು. ಬರೀ ಫಂಗಸ್. ಆ ತಾಯಿ ಆಸ್ತಮಾಕ್ಕೆ ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸುತ್ತಿರಲಿಲ್ಲ.