ಸಾಲ ಯಾವಾಗ ತೀರಿಸೋದು ಸಾ?

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು. ತುಮಕೂರು ಜಿಲ್ಲೆಯ ಒಂದು ಹಳ್ಳಿ. ನಾಲ್ಕು ಮತ್ತು ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಜೊತೆಗೆ ಬಿಸಿಯೂಟದ ಲೆಕ್ಕ, ಹಾಲಿನ ಪುಡಿ ಲೆಕ್ಕ, ಸ್ಯಾಟ್ಸ್ ಅನ್ನೋ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಮಕ್ಕಳ ಮಾಹಿತಿ ತುಂಬೋದು, ಎಲ್ಲಾ ಇದ್ದೇ ಇದೆ. ಅದರ ಬಗ್ಗೆ ಗೊಣಗೋಕೆ ಶುರು ಮಾಡಿದರೆ ಹೇಳಬೇಕಾದ್ದು ಉಳಿದುಹೋಗುತ್ತೆ, ಬಿಡಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೊಂದು ನಂಬಿಕೆ ಇತ್ತು. ಚೆನ್ನಾಗಿ ವಿವರಿಸುವವನೇ ಒಳ್ಳೆಯ ಮೇಷ್ಟ್ರು ಅಂತ. ನನಗೆ ಕಲಿಸಿದವರಲ್ಲಿ ಇಂದಿಗೂ ನೆನಪಿರೋರೆಲ್ಲ ಒಳ್ಳೆ ಮಾತುಗಾರರೇ. ಕಥೆ ಕಟ್ಟಿ ಹೇಳೋರು, ನಗಿಸೋರು. ನಾನೂ ಹಾಗೇ ಆಗಬೇಕು ಅಂತ ಆಸೆ. ದಶಕ ಸಹಿತ ವ್ಯವಕಲನಕ್ಕೆ, ಅಂದರೆ ಪಕ್ಕದ ಹತ್ತನ್ನು ತಗೊಂಡು ಕಳೆಯೋ ಲೆಕ್ಕಕ್ಕೆ, ನನ್ನ ಹತ್ತಿರ ಒಂದು ಕಥೆ ಇತ್ತು.

52ರಲ್ಲಿ 27 ಕಳೆಯಬೇಕು. ಬಿಡಿಯ ಮನೆಯಲ್ಲಿ ಇರೋದು 2. ಕೊಡಬೇಕಾದ್ದು 7. ಎಲ್ಲಿಂದ ತರೋದು? ಪಾಪ, ಅದು ಪಕ್ಕದ ಹತ್ತರ ಮನೆ ಬಾಗಿಲಿಗೆ ಹೋಗಿ, "ಅಕ್ಕಾ, ಒಂದು ಹತ್ತು ಸಾಲ ಕೊಡಕ್ಕಾ" ಅಂತ ಕೇಳುತ್ತೆ. ಇಲ್ಲಿಗೆ ಬಂದಾಗ ನಾನು ಹೆಗಲ ಮೇಲಿನ ಟವೆಲನ್ನು ಸೆರಗಿನ ಹಾಗೆ ಹೊದ್ದುಕೊಂಡು, ಕ್ಲಾಸಿನ ಬಾಗಿಲು ತಟ್ಟಿ ತೋರಿಸುತ್ತಿದ್ದೆ. ಮಕ್ಕಳು ಬಿದ್ದು ಬಿದ್ದು ನಗೋರು. ಸುತ್ತಮುತ್ತಲ ಶಾಲೆಗಳ ಶಿಕ್ಷಕರು ಸೇರೋ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಇದನ್ನೇ ಮಾದರಿ ಪಾಠವಾಗಿ ಮಾಡಿದೆ. ಚಪ್ಪಾಳೆ ಬಿತ್ತು. ಇನ್ನೆರಡು ಶಾಲೆಯವರು ಬರೆದುಕೊಂಡು ಹೋದರು. ಅವರ ಮಕ್ಕಳ ಬಗ್ಗೆ ಯೋಚಿಸಿದರೆ ಈಗ ಸ್ವಲ್ಪ ಮುಜುಗರ ಆಗುತ್ತೆ.

ಮುಂದಿನ ಜೂನ್‌ನಲ್ಲಿ ಅದೇ ಮಕ್ಕಳು ಐದನೇ ತರಗತಿಗೆ ಬಂದರು. ಸೇತುಬಂಧ, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ಗಟ್ಟಿ ಮಾಡೋ ಕಾರ್ಯಕ್ರಮ, ಶುರುವಾಯಿತು. ಪೂರ್ವ ಪರೀಕ್ಷೆಯಲ್ಲಿ ಅದೇ 52 − 27 ಕೊಟ್ಟೆ. ಇದ್ದದ್ದು 31 ಮಕ್ಕಳು. ಅದರಲ್ಲಿ 11 ಮಕ್ಕಳು ಬರೆದ ಉತ್ತರ 35.

ನಾನು ಏನು ಮಾಡಿದೆ ಅಂದುಕೊಂಡಿರಿ? ಕಥೆಯನ್ನ ಇನ್ನೊಂದು ಸಲ ಹೇಳಿದೆ. ಸ್ವಲ್ಪ ನಿಧಾನವಾಗಿ, ಸ್ವಲ್ಪ ಜೋರಾಗಿ. ಸೇತುಬಂಧದ ಕೊನೆಗೆ ಸಾಫಲ್ಯ ಪರೀಕ್ಷೆ ಬಂತು. ಈ ಸಲ 9 ಮಕ್ಕಳು 35 ಬರೆದರು. ಒಂಬತ್ತೂ ಉತ್ತರಕ್ಕೆ ಕೆಂಪು ಇಂಟು ಹಾಕಿ, ಒಂಬತ್ತೂ ಹೆಸರನ್ನು "ನಿಧಾನ ಕಲಿಕೆಯವರು" ಅನ್ನೋ ಪಟ್ಟಿಗೆ ಸೇರಿಸಿ, ಪರಿಹಾರ ಬೋಧನೆ ಅಂತ ದಾಖಲೆ ಮಾಡಿ ಫೈಲು ಮುಚ್ಚಿದೆ. ಪರಿಹಾರ ಬೋಧನೆ ಅಂದರೆ ಏನು? ಅದೇ ಕಥೆ, ಮೂರನೇ ಸಲ.

ಪಕ್ಕದ ಕೋಣೆಯಲ್ಲಿ ಚಿಕ್ಕ ಮಕ್ಕಳ ನಲಿ-ಕಲಿ ತರಗತಿ ನಡೆಯುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಮೇಡಂ ನನಗಿಂತ ತುಂಬಾ ಹಿರಿಯರು. ಹೆಗ್ಗಡದೇವನಕೋಟೆ ಕಡೆ ಕೆಲಸ ಮಾಡಿ ವರ್ಗವಾಗಿ ಬಂದವರು. ನಲಿ-ಕಲಿ ಶುರುವಾಗಿದ್ದೇ ಆ ತಾಲ್ಲೂಕಲ್ಲಿ, 1995ರಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ಋಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು, ತಾವೇ ಕೂತು ಕಾರ್ಡುಗಳನ್ನು ಬರೆದು ಕಟ್ಟಿದ ಪದ್ಧತಿ ಅದು. ಮಕ್ಕಳು ಗುಂಪುಗಳಲ್ಲಿ ನೆಲದ ಮೇಲೆ ಕೂರುತ್ತಾರೆ, ಮೇಡಂ ಕೂಡ ಅವರ ಜೊತೆ ಚಾಪೆ ಮೇಲೆ. ದೂರದಿಂದ ನೋಡಿದರೆ ಪಾಠ ನಡೀತಿದೆ ಅಂತಲೇ ಅನಿಸುತ್ತಿರಲಿಲ್ಲ. ನನಗಂತೂ ಇವರು ಏನೂ ಕಲಿಸುತ್ತಿಲ್ಲ ಅಂತಲೇ ಅನಿಸುತ್ತಿತ್ತು. ಒಂದು ಕಥೆ ಇಲ್ಲ, ನಟನೆ ಇಲ್ಲ, ದನಿ ಏರಿಸೋದೂ ಇಲ್ಲ.

ಒಂದು ದಿನ ಚಾಕ್‌ಪೀಸ್ ಕೇಳೋಕೆ ಆ ಕೋಣೆಗೆ ಹೋದೆ. ಒಬ್ಬ ಪುಟ್ಟ ಹುಡುಗ ಸ್ಲೇಟು ತಂದು ತೋರಿಸಿದ. 8 + 5 = 13. ಸರಿಯಾಗಿಯೇ ಇತ್ತು.

"ಹೆಂಗ್ ಬಂತು ಮಗಾ?" ಅಂದರು ಮೇಡಂ.

"ಎಂಟಕ್ಕೆ ಎರಡು ಕೊಟ್ಟೆ ಮಿಸ್, ಹತ್ತಾತು. ಇನ್ನು ಮೂರಿತ್ತು."

"ಓ, ಹಂಗಾ!" ಅಂದರು, ಮೊದಲ ಸಲ ಕೇಳುತ್ತಿರೋರ ಹಾಗೆ. ಅಷ್ಟೇ. ಹುಡುಗ ಹೋದ. ಸರಿ ಇರೋ ಉತ್ತರಕ್ಕೆ ಯಾಕಪ್ಪಾ ಈ ವಿಚಾರಣೆ ಅಂದುಕೊಂಡು ನಾನೂ ಚಾಕ್‌ಪೀಸ್ ತಗೊಂಡು ಬಂದೆ.

ಆದರೆ ಆ ಮಾತು ತಲೆಯಲ್ಲಿ ಉಳಿದಿತ್ತು. ಮಾರನೇ ದಿನ ನನ್ನ ಕ್ಲಾಸಿನಲ್ಲಿ ಬೆಂಚಿನಿಂದ ಬೆಂಚಿಗೆ ಹೋಗುತ್ತಾ, 35 ಬರೆದಿದ್ದ ಹುಡುಗಿಯ ಹತ್ತಿರ ನಿಂತು ಕೇಳಿದೆ, "ಹೆಂಗೆ ಬಂತು?" ನನ್ನ ಬಾಯಿ ಮುಚ್ಚುವಷ್ಟರಲ್ಲಿ ಅವಳು ರಬ್ಬರ್ ತಗೊಂಡು ಉತ್ತರವನ್ನು ಉಜ್ಜಿಬಿಟ್ಟಳು. ಸರಿ, ಮುಂದಿನ ಬೆಂಚಿಗೆ ಹೋದೆ. ಅಲ್ಲಿದ್ದವನು 25 ಅಂತ ಸರಿಯಾಗಿ ಬರೆದಿದ್ದ. "ನಿಂದು ಹೆಂಗೆ ಬಂತು?" ಅಂದೆ. ಅವನೂ ಒಂದು ಸಲ ನನ್ನ ಮುಖ ನೋಡಿದ. 25 ಅಳಿಸಿದ. ಪಕ್ಕದವನ ಪುಸ್ತಕ ಇಣುಕಿ 35 ಅಂತ ಬರೆದ.

ನನ್ನ ಹನ್ನೊಂದು ವರ್ಷದ ಸರ್ವಿಸ್‌ನಲ್ಲಿ ಅಷ್ಟು ಪೆಚ್ಚಾಗಿದ್ದು ಇನ್ನೊಂದಿಲ್ಲ.

ಊಟದ ಹೊತ್ತಲ್ಲಿ ಮೇಡಂ ಹತ್ತಿರ ಹೇಳಿಕೊಂಡೆ. ಅವರು ಸಾರು ಬಡಿಸಿಕೊಳ್ಳುತ್ತಾ ನಕ್ಕರು. "ಸರ್, ಮಕ್ಕಳು ತಪ್ಪು ಮಾಡಿದಾಗ ಮಾತ್ರ ನೀವು ಹೆಂಗೆ ಅಂತ ಕೇಳ್ತೀರ. ಸರಿ ಇದ್ದರೆ ವೆರಿಗುಡ್ ಅಂದು ಮುಂದಕ್ಕೆ ಹೋಗ್ತೀರ. ಮಕ್ಕಳಿಗೆ ಅಷ್ಟೂ ತಿಳಿಯಲ್ವಾ?"

ನಿಜ. ನಮ್ಮ ಕ್ಲಾಸಿನಲ್ಲಿ "ಹೆಂಗೆ ಬಂತು" ಅಂದರೆ "ತಪ್ಪಾಗಿದೆ, ಅಳಿಸು" ಅಂತ ಅರ್ಥ. ಅದನ್ನ ನಾನೇ ಕಲಿಸಿದ್ದು. ನಾನು ಕಲಿಸಿದ ಪಾಠಗಳಲ್ಲಿ ಮಕ್ಕಳು ಒಬ್ಬರೂ ಬಿಡದೆ ಕಲಿತಿದ್ದು ಬಹುಶಃ ಅದೊಂದೇ.

ಆಮೇಲೆ ಒಂದು ತಿಂಗಳು ಸುಮ್ನೆ ಎಲ್ಲರನ್ನೂ ಕೇಳೋದೇ ಕೆಲಸ ಮಾಡಿಕೊಂಡೆ. ಸರಿ ಇದ್ದವರನ್ನು ಜಾಸ್ತಿ ಕೇಳಿದೆ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯೋದು ಇದೆಯಲ್ಲ, ಅದು ನನ್ನಂಥ ಮಾತುಗಾರನಿಗೆ ಬಲು ಕಷ್ಟ. ಮಗು ಎರಡು ಪದ ಹೇಳುವಷ್ಟರಲ್ಲಿ ಮೂರನೆಯದನ್ನ ನಾನೇ ಹೇಳಿಬಿಡುತ್ತಿದ್ದೆ. ಕೊನೆಗೆ ಕೈಯಲ್ಲಿ ಚಾಕ್‌ಪೀಸ್ ಹಿಡಿದು ಮನಸ್ಸಿನಲ್ಲೇ ಹತ್ತರ ತನಕ ಎಣಿಸೋ ಅಭ್ಯಾಸ ಮಾಡಿಕೊಂಡೆ. ಜುಲೈ ಕೊನೆಯ ಹೊತ್ತಿಗೆ ರಬ್ಬರ್‌ಗೆ ಕೈ ಹೋಗೋದು ನಿಂತಿತು. ಆಗ ಆ 35 ಬಾಯಿ ಬಿಟ್ಟಿತು.

ಮೊದಲನೆಯವನು ಹೇಳಿದ: "ಏಳರಲ್ಲಿ ಎರಡು ಹೋದ್ರೆ ಐದು. ಐದರಲ್ಲಿ ಎರಡು ಹೋದ್ರೆ ಮೂರು." ಮೇಲಿನದು ಯಾವುದು, ಕೆಳಗಿನದು ಯಾವುದು ಅನ್ನೋದು ಅವನಿಗೆ ಮುಖ್ಯ ಅಲ್ಲ. ದೊಡ್ಡದರಲ್ಲಿ ಚಿಕ್ಕದನ್ನ ಕಳೆಯಬೇಕು. ಆ ನಿಯಮ ಯಾರು ಹೇಳಿದ್ದು? ನಾವೇ. ಒಂದಂಕಿ ಲೆಕ್ಕ ಕಲಿಸುವಾಗ "ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನ ಕಳೀಬೇಕು" ಅಂತ ರಾಗವಾಗಿ ಹೇಳಿಸಿರುತ್ತೇವೆ.

ಎರಡನೆಯವನು ಹತ್ತು ತಗೊಂಡಿದ್ದ. 12ರಲ್ಲಿ 7 ಹೋಗಿ 5 ಸರಿಯಾಗಿ ಬಂದಿತ್ತು. ಹತ್ತರ ಸ್ಥಾನದ 5 ಅನ್ನು 4 ಮಾಡೋದು ಮರೆತಿದ್ದ. ಹೇಳುತ್ತಾ ಹೇಳುತ್ತಾ ಅವನೇ "ಅಯ್ಯೋ ಸಾ" ಅಂದು ನಾಲಿಗೆ ಕಚ್ಚಿಕೊಂಡ. ಮುಗೀತು.

ಮೂರನೆಯವಳು ಅವತ್ತು ರಬ್ಬರ್ ಹಾಕಿ ಉಜ್ಜಿದ ಹುಡುಗಿ. ಅವಳ ಪುಸ್ತಕದಲ್ಲಿ 5ನ್ನು ಹೊಡೆದು ಮೇಲೆ 4 ಬರೆದಿತ್ತು. ಮತ್ತೆ ಆ 4ನ್ನು ಹೊಡೆದು ಅದರ ಮೇಲೆ 5 ಬರೆದಿತ್ತು. ನಾನು ಅದನ್ನ ಇಷ್ಟು ದಿನ ಗೀಚಾಟ ಅಂದುಕೊಂಡಿದ್ದೆ. "ನೀಟಾಗಿ ಬರಿ" ಅಂತ ಒಂದು ಸಲ ಬೈದೂ ಇದ್ದೆ.

"ಇದೇನವ್ವಾ, ನಾಲ್ಕನ್ನ ಯಾಕೆ ಮತ್ತೆ ಐದು ಮಾಡಿದೆ?"

"ಸಾಲ ತೀರಿಸ್ದೆ ಸಾ."

ನಾನು ಎಣಿಸುತ್ತಾ ನಿಂತೆ. ಏಳು, ಎಂಟು, ಒಂಬತ್ತು.

"ನೀವೇ ಹೇಳಿದ್ರಲ್ಲ ಸಾ, ಪಕ್ಕದ ಮನೇಲಿ ಸಾಲ ತಗಂಡೈತೆ ಅಂತ. ನಮ್ಮವ್ವ ಸಂಘದಲ್ಲಿ ತಗಂಡಿರೋದನ್ನ ವಾರಾ ವಾರಾ ಕಟ್ತಾಳೆ. ಇದು ಯಾವಾಗ ತೀರಿಸೋದು ಅಂತ ನೀವು ಹೇಳ್ಲೇ ಇಲ್ಲ. ಅದಕ್ಕೇ ಲೆಕ್ಕ ಆದ ತಕ್ಷಣ ತೀರಿಸಿಬಿಟ್ಟೆ."

ಇಡೀ ಕ್ಲಾಸಿನಲ್ಲಿ ನನ್ನ ಕಥೆಯನ್ನು ಪೂರ್ತಿ ಮನಸ್ಸಿಟ್ಟು ಕೇಳಿದವಳು ಅವಳು. ಕಥೆ ಚೆನ್ನಾಗಿತ್ತು. ಅದೇ ತೊಂದರೆ. ಸಾಲ ತಗೊಂಡು ವಾಪಸ್ ಕೊಡದೇ ಇರೋ ಮನೆಯ ಕಥೆ ಹೇಳಿ, ಅದನ್ನೇ ಸರಿ ಲೆಕ್ಕ ಅಂದಿದ್ದವನು ನಾನು. ಅವಳನ್ನು ನಿಧಾನ ಕಲಿಕೆಯವರ ಪಟ್ಟಿಗೆ ಸೇರಿಸಿದವನೂ ನಾನೇ.

ಆವತ್ತು ಸಂಜೆ ಮನೆಗೆ ಹೋಗಿ ಕಾಗದದ ಮೇಲೆ ಲೆಕ್ಕ ಹಾಕಿದೆ. 52 − 27 ಅನ್ನೋದು ಬಹಳ ಕೆಟ್ಟ ಪ್ರಶ್ನೆ ಅಂತ ಗೊತ್ತಾಯಿತು. 7ಕ್ಕೂ 2ಕ್ಕೂ ನಡುವಿನ ವ್ಯತ್ಯಾಸ 5. 12ರಲ್ಲಿ 7 ಕಳೆದರೂ 5. ಹಾಗಾಗಿ ಯಾವ ದಾರಿಯಲ್ಲಿ ತಪ್ಪಿದರೂ ಬಂದು ಸೇರೋದು ಅದೇ 35ಕ್ಕೆ. ಬದಲಿಗೆ 54 − 28 ಕೊಟ್ಟು ನೋಡಿ. ಸರಿ ಉತ್ತರ 26. ದೊಡ್ಡದರಲ್ಲಿ ಚಿಕ್ಕದು ಕಳೆಯುವವನಿಗೆ 34 ಬರುತ್ತೆ. ಹತ್ತು ತಗೊಂಡು ಮರೆತವನಿಗೆ 36. ಆಹಾ, ಸಿಕ್ಕಿಬಿಟ್ಟರು ಅಂದುಕೊಂಡೆ. ಆದರೆ ಸಾಲ ತೀರಿಸಿದವಳಿಗೂ 36ಏ ಬರುತ್ತೆ. ಮರೆತವನೂ ತೀರಿಸಿದವಳೂ ಉತ್ತರ ಪತ್ರಿಕೆಯಲ್ಲಿ ಒಂದೇ. ಕೇಳದೆ ಬೇರೆ ದಾರಿಯೇ ಇಲ್ಲ.

ಇದು ನಾನೇ ಕಂಡುಹಿಡಿದದ್ದೇನಲ್ಲ. 1978ರಲ್ಲೇ ಅಮೆರಿಕದಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಅನ್ನುವವರು ಇಂಥ ತಪ್ಪುಗಳ ಮೇಲೆ ಕೆಲಸ ಮಾಡಿ ಬರೆದಿದ್ದಾರೆ. ಮಗುವಿನ ಉತ್ತರಗಳನ್ನು ನೋಡಿ, ಅದು ಯಾವ ತಪ್ಪು ನಿಯಮ ಹಿಡಿದು ಕಳೆಯುತ್ತಿದೆ ಅಂತ ಪತ್ತೆ ಮಾಡೋ ಕಂಪ್ಯೂಟರ್ ಪ್ರೋಗ್ರಾಂ ಕೂಡ ಮಾಡಿದ್ದರು. ಮಕ್ಕಳ ತಪ್ಪು ಕಣ್ಣುಮುಚ್ಚಿ ಬರೆದದ್ದಲ್ಲ, ಬಹಳ ಸಲ ಅದರ ಹಿಂದೆ ಒಂದು ನಿಯಮ ಇರುತ್ತೆ ಅನ್ನೋದು ಅವರಿಗೆ ಕಂಡಿತ್ತು. ಆದರೂ ಸಂಘದ ಕಂತಿನ ವಿಷಯ ಯಾವ ಕಂಪ್ಯೂಟರ್‌ಗೆ ಹೊಳೆಯಬೇಕು ಹೇಳಿ.

ಇನ್ನೂ ಒಂದು ಮಜಾ ಇದೆ. ಸಾಲ ತೀರಿಸಿ ಕಳೆಯೋ ಪದ್ಧತಿ ನಿಜವಾಗಿಯೂ ಇದೆ. ಬ್ರಿಟನ್ನಿನ ಶಾಲೆಗಳಲ್ಲಿ ಹಿಂದೆ ಹಾಗೆ ಹೇಳಿಕೊಡುತ್ತಿದ್ದರು. 12ರಲ್ಲಿ 7 ಕಳೆದು 5. ಆಮೇಲೆ ಸಾಲವನ್ನು ಕೆಳಗಿನ ಸಾಲಿಗೆ ತೀರಿಸೋದು, ಅಂದರೆ 27ರ 2ನ್ನು 3 ಮಾಡೋದು. 5ರಲ್ಲಿ 3 ಹೋದರೆ 2. ಉತ್ತರ 25. ಎರಡೂ ಸಂಖ್ಯೆಗೆ ಹತ್ತು ಹತ್ತು ಸೇರಿಸಿದ ಹಾಗೆ ಅಷ್ಟೇ, 62ರಲ್ಲಿ 37 ಕಳೆದಂತೆ. ನಮ್ಮ ಹುಡುಗಿ ತೀರಿಸಿದ್ದು ತಪ್ಪಲ್ಲ, ತೀರಿಸಿದ ಜಾಗ ತಪ್ಪು.

ಅವಳಿಗೆ ನಾನು ಹೊಸದಾಗಿ ಏನೂ ಕಲಿಸಬೇಕಾಗಲಿಲ್ಲ. ಒಂದು ಪದ ಬದಲಾಯಿಸಿದೆ. "ನಿನ್ನ ಹತ್ತಿರ ಹತ್ತರ ನೋಟು ಐದು, ಒಂದು ರೂಪಾಯಿ ಎರಡು ಇದೆ. ಅಂಗಡಿಯವನಿಗೆ 27 ಕೊಡಬೇಕು. ಏನ್ ಮಾಡ್ತೀಯ?"

"ಎರಡು ಹತ್ತು ಕೊಡ್ತೀನಿ. ಏಳಕ್ಕೆ ಚಿಲ್ಲರೆ ಇಲ್ಲ ಸಾ. ಒಂದು ಹತ್ತು ಮುರಿಸ್ತೀನಿ."

ಮುರಿಸಿದ ದುಡ್ಡು ಯಾರ ಸಾಲವೂ ಅಲ್ಲ, ತೀರಿಸಬೇಕಾಗಿಲ್ಲ. ಅವತ್ತಿನಿಂದ ನನ್ನ ಕ್ಲಾಸಿನಲ್ಲಿ ಸಾಲ ಇಲ್ಲ, ಚಿಲ್ಲರೆ ಇದೆ. ಟವೆಲ್ ನಾಟಕವನ್ನೂ ನಿಲ್ಲಿಸಿದೆ. ಮಕ್ಕಳು ಒಂದೆರಡು ಸಲ ಕೇಳಿದರು, ಪಾಪ.

ಮೊದಲನೆಯ ಹುಡುಗನಿಗೆ ಮಾತು ಸಾಲಲಿಲ್ಲ. ಅವನಿಗೆ 52 ಅಂದರೆ ಐದು ಮತ್ತು ಎರಡು, ಐವತ್ತು ಮತ್ತು ಎರಡು ಅಲ್ಲ. ತೆಂಗಿನ ಪೊರಕೆಯ ಕಡ್ಡಿ ಮುರಿದು, ಹತ್ತು ಹತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಕಟ್ಟು ಬಿಚ್ಚಿ ಎಣಿಸೋದನ್ನ ಎರಡು ವಾರ ಮಾಡಿದೆವು. ಗಣಿತ ಕಿಟ್ ಇರಲಿಲ್ವಾ ಅಂತ ಕೇಳಬೇಡಿ. ಇತ್ತು. ಒಂದು ತುಂಡು ಕಳೆದರೂ ಉತ್ತರ ಕೊಡಬೇಕು ಅನ್ನೋ ಭಯಕ್ಕೆ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೆವು. ಮರೆಯುವ ಹುಡುಗನಿಗೆ ಉತ್ತರವನ್ನು ಕೂಡಿ ತಾಳೆ ನೋಡೋದು ಹೇಳಿಕೊಟ್ಟೆ. 35ಕ್ಕೆ 27 ಕೂಡಿದರೆ 62 ಬರುತ್ತಲ್ಲ, 52 ಎಲ್ಲಿ ಅಂತ ಅವನೇ ಕೇಳಿಕೊಳ್ಳಲಿ ಅಂತ.

"ಇಷ್ಟೆಲ್ಲ ಕೇಳ್ತಾ ಕೂತರೆ ಸಿಲಬಸ್ ಯಾರಪ್ಪಾ ಮುಗಿಸ್ತಾರೆ?" ಅಂತ ನಮ್ಮ ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅವಧಿ 40 ನಿಮಿಷ, ಮಕ್ಕಳು 31. ದಿನಕ್ಕೆ ಮೂವರನ್ನು ಕೇಳಿದರೆ ಒಂದು ಸುತ್ತು ಬರೋಕೆ ಹತ್ತು ಹನ್ನೊಂದು ದಿನ ಬೇಕು. ನಾನು ಮೂವರನ್ನೇ ಕೇಳೋದು. ಕೊನೆಯ ಎರಡು ಪಾಠ ಈಗಲೂ ಫೆಬ್ರವರಿಯಲ್ಲಿ ಓಡುತ್ತವೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ತರಬೇತಿಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತೆ, ಒಳ್ಳೆಯ ಶಿಕ್ಷಕನಿಗೆ ಮಕ್ಕಳ ಮೇಲೆ ಪ್ರೀತಿ ಇರಬೇಕು ಅಂತ. ಇರಲಿ, ಬೇಡ ಅಂದವರು ಯಾರು? 35 ಬರೆದ ಮಕ್ಕಳ ಮೇಲೆ ನನಗೂ ಪ್ರೀತಿ ಇತ್ತು. ನನ್ನ ಹುಟ್ಟುಹಬ್ಬಕ್ಕೆ ಚಾಕೊಲೇಟ್ ಹಂಚಿದ್ದೆ. ಪ್ರೀತಿಯಿಂದ 25 ಬರಲಿಲ್ಲ. ಪಕ್ಕದ ಕೋಣೆಯ ಮೇಡಂ ಮಕ್ಕಳನ್ನು ಮುದ್ದು ಮಾಡಿದ್ದನ್ನ ನಾನು ಹೆಚ್ಚು ನೋಡಿಲ್ಲ. ಆದರೆ ಪ್ರತಿ ಸ್ಲೇಟನ್ನೂ, ಅದರಲ್ಲಿ ತನಗೆ ಗೊತ್ತಿಲ್ಲದ್ದು ಏನೋ ಇದೆ ಅನ್ನೋ ಹಾಗೆ ನೋಡೋರು. ಆ ಕುತೂಹಲ ನನಗೆ ಯಾವ ಟ್ರೈನಿಂಗಲ್ಲೂ ಸಿಕ್ಕಿರಲಿಲ್ಲ, ಚಾಕ್‌ಪೀಸ್ ಕೇಳೋಕೆ ಹೋದಾಗ ಸಿಕ್ಕಿತು.

ಮೇಡಂ ನಿವೃತ್ತಿಯಾಗಿ ಮೂರು ವರ್ಷ ಆಯಿತು. ನಾನೀಗ 200 ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಗಡೆ ತಪ್ಪು ಉತ್ತರ, ಬಲಗಡೆ ಮಗು ಹೇಳಿದ ಮಾತು, ಅದು ಹೇಳಿದ ಹಾಗೇ. "ನೂರ ಐದು" ಅಂದರೆ 1005 ಬರೆದವನು: "ನೂರು ಬರೆದೆ, ಪಕ್ಕದಲ್ಲಿ ಐದು ಬರೆದೆ ಸಾ." 70 − 36 = 46 ಬರೆದವಳು: "ಸೊನ್ನೆಯಲ್ಲಿ ಏನೂ ಇಲ್ವಲ್ಲ ಸಾ, ಅದಕ್ಕೆ ಆರನ್ನ ಹಂಗೇ ಇಳಿಸ್ದೆ." 0.25 ದೊಡ್ಡದು, 0.5 ಚಿಕ್ಕದು ಅಂದವನು: "ಐದಕ್ಕಿಂತ ಇಪ್ಪತ್ತೈದು ದೊಡ್ಡದಲ್ವಾ?"

ಒಂದು ಕಡೆ ಮಾತ್ರ ಬಲಗಡೆ ಖಾಲಿ ಇದೆ. 61 − 35 = 17. ಹೇಗೆ ಬಂತು ಅಂತ ನಾನು ಎಷ್ಟೋ ರೀತಿ ಹಾಕಿ ನೋಡಿದ್ದೇನೆ, ಹೊಂದುತ್ತಿಲ್ಲ. ನಾಳೆ ಕೇಳೋಣ ಅಂತ ಬಿಟ್ಟಿದ್ದೆ. ಆ ಸೋಮವಾರ ಅವನ ಅಪ್ಪ ಬಂದು, ಬೆಂಗಳೂರಲ್ಲಿ ಕಟ್ಟಡದ ಕೆಲಸ ಸಿಕ್ಕಿದೆ ಅಂತ ಟಿಸಿ ತಗೊಂಡು ಹೋದರು.